ಬೆನ್ನೆಲ್ಲಿ, ಹೊಟ್ಟೆಯೆಲ್ಲಿ?

ತಲೆ ಮೇಲೆ, ಕಾಲು ಕೆಳಗೆ; ಬೆನ್ನು ಹಿಂದೆ, ಹೊಟ್ಟೆ ಮುಂದೆ. ಇದಕ್ಕಿಂತ ಸಹಜವಾದ ಸಂಗತಿ ಇನ್ನಾವುದಿದೆ ಎಂದು ನಮಗೆ ತೋರುತ್ತದೆ. ಆದರೆ ಪ್ರಾಣಿಯ ಬಾಳು ಮೊದಲಾಗುವುದು ಒಂದು ಉರುಟಾದ ತತ್ತಿಯಿಂದ. ಉರುಟಾದುದಕ್ಕೆ ಹಿಂದೇನು, ಮುಂದೇನು? ಆ ತತ್ತಿ ಎರಡಾಗಿ, ನಾಲ್ಕಾಗಿ, ಸಾವಿರಾರು ಜೀವಕೋಶಗಳಾಗಿ ಒಡೆದ ಮೇಲೆ, ಇಂಥವು ಬೆನ್ನಾಗತಕ್ಕವು, ಇಂಥವು ಹೊಟ್ಟೆಯಾಗತಕ್ಕವು ಎಂದು ಗೊತ್ತುಮಾಡುವವರು ಯಾರು? ನಾನು ಜೀವವಿಜ್ಞಾನಿಯಲ್ಲ, ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಪ್ರಶ್ನೆಯ ಚರಿತ್ರೆಯನ್ನು ಓದುವಾಗ ಅದರೊಳಗೆ ಒಂದು ಪದದ ಚರಿತ್ರೆಯೂ ಒಬ್ಬ ತರುಣಿಯ ದಾರುಣ ಕಥೆಯೂ ಹೆಣೆದುಕೊಂಡಿರುವುದನ್ನು ಕಂಡೆ. ಅದನ್ನು ತಮ್ಮ ಮುಂದಿಡುತ್ತಿದ್ದೇನೆ.

1888ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರೂ ಎಂಬ ವಿಜ್ಞಾನಿ ಕಪ್ಪೆಯ ತತ್ತಿ ಎರಡು ಕೋಶಗಳಾಗಿದ್ದಾಗ, ಕಾಯಿಸಿದ ಸೂಜಿಯಿಂದ ಚುಚ್ಚಿ ಒಂದನ್ನು ಕೊಂದನು. ಉಳಿದ ಕೋಶದಿಂದ ಅರ್ಧ ಭ್ರೂಣ ಮಾತ್ರ ಬೆಳೆಯಿತು. ಪ್ರತಿಯೊಂದು ಕೋಶದ ಪಾಲೂ ಮೊದಲೇ ಹಂಚಿಹೋಗಿದೆ ಎಂದು ಅವನು ಬಗೆದನು. ಮೂರೇ ವರ್ಷಗಳಲ್ಲಿ ಹಾನ್ಸ್ ಡ್ರೀಶ್ ಎಂಬವನು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ತತ್ತಿಯನ್ನು ತೆಗೆದುಕೊಂಡು, ಎರಡು ಕೋಶಗಳನ್ನು ಕುಲುಕಿ ಬೇರ್ಪಡಿಸಿ ನೋಡಿದನು. ಅರ್ಧ ಜೀವಿಯಲ್ಲ, ಪ್ರತಿಯೊಂದರಿಂದಲೂ ಗಾತ್ರದಲ್ಲಿ ಕಿರಿದಾದ, ಆದರೆ ಪೂರ್ಣವಾದ ಮರಿಯೇ ಹುಟ್ಟಿತು! ಯಂತ್ರವನ್ನು ಇಬ್ಭಾಗ ಮಾಡಿದರೆ ಎರಡು ಯಂತ್ರಗಳಾಗುವುದುಂಟೆ? ಡ್ರೀಶನು ಬೆರಗಾಗಿ, ಜೀವಿಯೊಳಗೆ ಭೌತನಿಯಮಗಳಿಗೆ ಸಿಕ್ಕದ ಒಂದು ಶಕ್ತಿಯಿದೆ ಎಂದು ನಂಬಿ, ಪ್ರಯೋಗಶಾಲೆಯನ್ನು ಬಿಟ್ಟು ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದನು.

ಪ್ರಶ್ನೆಯನ್ನು ಪ್ರಯೋಗಶಾಲೆಯಲ್ಲಿಯೇ ಉಳಿಸಿಕೊಂಡವನು ಹಾನ್ಸ್ ಸ್ಪೇಮನ್. ಹಲ್ಲಿಯ ಆಕಾರದ, ಆದರೆ ಕಪ್ಪೆಯ ಬಳಗಕ್ಕೆ ಸೇರಿದ ನ್ಯೂಟ್ ಎಂಬ ಪ್ರಾಣಿಯ ತತ್ತಿಗೆ ಅವನು ಎಳೆಗೂಸಿನ ಕೂದಲಿನಿಂದ ಕುಣಿಕೆ ಹಾಕಿ ಬಿಗಿಯುತ್ತಿದ್ದನು. ಕೆಲವು ಸಲ ಎರಡು ಮರಿಗಳಾದುವು. ಕೆಲವು ಸಲ ಒಂದು ಕಡೆ ಮರಿ, ಇನ್ನೊಂದು ಕಡೆ ಬೆನ್ನಿಲ್ಲದ ಬರಿಯ ಹೊಟ್ಟೆಯ ಮುದ್ದೆ. ಎಂದಮೇಲೆ, ಬೆನ್ನಾಗಲಿರುವ ಕಡೆಯಲ್ಲಿ ಏನೋ ವಿಶೇಷವಿರಬೇಕು.

ಆ ವಿಶೇಷವನ್ನು ಕೈಯಾರೆ ತೋರಿಸಿಕೊಟ್ಟವಳು ಹಿಲ್ಡ ಪ್ರೋಶೋಲ್ಟ್. 1898ರಲ್ಲಿ ಹುಟ್ಟಿದ ಈಕೆ ಸ್ಪೇಮನ್ನನ ಉಪನ್ಯಾಸವನ್ನು ಕೇಳಿ, ಮನಸೋತು, 1920ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದಳು. ಗುರುವಿನ ಸಹಾಯಕನಾಗಿದ್ದ ಓಟೋ ಮಾಂಗೋಲ್ಡನನ್ನು ಮದುವೆಯಾದಳು. 1921 ಮತ್ತು 1922ರ ವಸಂತಗಳಲ್ಲಿ ಆಕೆ ಕೈಗೊಂಡ ಪ್ರಯೋಗ ಇಷ್ಟು: ಬಿಳಿಚು ಬಣ್ಣದ ನ್ಯೂಟ್ ಭ್ರೂಣವೊಂದರಲ್ಲಿ, ಕೋಶಗಳು ಒಳಕ್ಕೆ ಮಡಿಚಿಕೊಳ್ಳುವ ಬೆನ್ನಿನ ಕಡೆಯ ಅಂಚಿನಿಂದ ಒಂದು ಚೂರನ್ನು ಕತ್ತರಿಸಿ, ಕಪ್ಪು ಬಣ್ಣದ ಇನ್ನೊಂದು ಜಾತಿಯ ನ್ಯೂಟ್ ಭ್ರೂಣದ ಹೊಟ್ಟೆಯ ಕಡೆಗೆ ನಾಟುವುದು. ಸೋಂಕು ತಡೆಯುವ ಔಷಧಗಳಿಲ್ಲದ ಕಾಲ. ಭ್ರೂಣಗಳು ಒಂದರ ಹಿಂದೊಂದು ಸತ್ತುವು. ಉಳಿದ ಬೆರಳೆಣಿಕೆಯಷ್ಟರಲ್ಲಿ ಹೊಟ್ಟೆಯ ಮೇಲೆ ಎರಡನೆಯ ಬೆನ್ನು, ಎರಡನೆಯ ನರಮಂಡಲ ಮೂಡಿತ್ತು. ಸೋಜಿಗವೆಂದರೆ, ಆ ಹೊಸ ನರಮಂಡಲದ ಕೋಶಗಳು ಬಹುಮಟ್ಟಿಗೆ ಕಪ್ಪು ಬಣ್ಣದವು. ಹೊಟ್ಟೆಯ ಚರ್ಮವಾಗಬೇಕಾಗಿದ್ದ ಮನೆಯ ಕೋಶಗಳೇ ಅತಿಥಿಯ ಸಹವಾಸದಿಂದ ನರವಾಗಿದ್ದುವು! ಆ ಚೂರಿಗೆ ಸ್ಪೇಮನ್ನನು 'ಸಂಘಟಕ' ಎಂಬರ್ಥದ ಹೆಸರನ್ನಿಟ್ಟನು.

ಪ್ರಬಂಧ 1924ರಲ್ಲಿ ಅಚ್ಚಾಯಿತು. ಬೇರೆ ಶಿಷ್ಯರು ತಮ್ಮ ಡಾಕ್ಟರೇಟ್ ಪ್ರಬಂಧಗಳನ್ನು ತಮ್ಮೊಬ್ಬರ ಹೆಸರಿನಲ್ಲಿಯೇ ಪ್ರಕಟಿಸುತ್ತಿದ್ದರು. ಹಿಲ್ಡಳ ಪ್ರಬಂಧದ ಮೇಲೆ ಮಾತ್ರ ಗುರುವಿನ ಹೆಸರು, ಅದೂ ಮೊದಲು. ಅದರಿಂದ ಆಕೆ ನೊಂದಿದ್ದಳೆಂದು ಸಹಪಾಠಿ ವಿಕ್ಟರ್ ಹ್ಯಾಂಬರ್ಗರ್ ಬರೆದಿದ್ದಾನೆ. ಅದೇ 1924ರ ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಒಲೆಯ ಬೆಂಕಿ ತಗುಲಿ, ಎಳೆಯ ಮಗುವನ್ನು ಬಿಟ್ಟು ಆಕೆ ತೀರಿಕೊಂಡಳು. ವಯಸ್ಸು ಇಪ್ಪತ್ತೈದು. 1935ರಲ್ಲಿ ಸ್ಪೇಮನ್ನನಿಗೆ ನೊಬೆಲ್ ಪಾರಿತೋಷಕ ಬಂದಾಗ ಹಿಲ್ಡ ಗತಿಸಿ ಹನ್ನೊಂದು ವರ್ಷವಾಗಿತ್ತು.

ಇನ್ನು ಪದದ ಕಥೆ. 'ಸಂಘಟಕ' ಎಂದೊಡನೆ ಆಜ್ಞೆ ಕೊಡುವ ಒಬ್ಬ ಅಧಿಕಾರಿ ಕಣ್ಣಮುಂದೆ ನಿಲ್ಲುತ್ತಾನೆ. 'ನೀನು ನರವಾಗು' ಎಂಬ ಆ ಆಜ್ಞೆ ಯಾವ ದ್ರವ್ಯದಲ್ಲಿದೆ ಎಂದು ವಿದ್ವಾಂಸರು ಹುಡುಕಹೊರಟರು. 1932ರಲ್ಲಿ, ಸತ್ತ ಸಂಘಟಕವೂ ಕೆಲಸಮಾಡುತ್ತದೆಂದು ತಿಳಿಯಿತು. ಎಂದಮೇಲೆ ಅದು ರಾಸಾಯನಿಕವೇ ಸರಿ. ಆದರೆ ಪ್ರಾಣಿಗಳ ಪಿತ್ತಕೋಶ, ಮೂತ್ರಪಿಂಡಗಳ ತುಣುಕುಗಳೂ, ಕಡೆಗೆ ಮೆಥಿಲೀನ್ ಬ್ಲೂ ಎಂಬ ಬಣ್ಣವೂ ಅದೇ ಕೆಲಸವನ್ನು ಮಾಡಿದಾಗ ಎಲ್ಲರೂ ದಿಕ್ಕುಗೆಟ್ಟರು. ಹುಡುಕಾಟ ದಶಕಗಳ ಕಾಲ ನಿಂತಲ್ಲೇ ನಿಂತಿತು.

ಉತ್ತರ ದೊರೆತದ್ದು 1990ರ ದಶಕದಲ್ಲಿ. ಭ್ರೂಣದ ಕೋಶಗಳು ಪ್ರೋಟೀನುಗಳನ್ನು ಸ್ರವಿಸಿ ನೆರೆಯ ಕೋಶಗಳಿಗೆ ಸಂಕೇತ ಕಳಿಸುತ್ತವೆ. ಆ ಪ್ರೋಟೀನು ನೆರೆಯ ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ತಗುಲಿದರೆ, ಸುದ್ದಿ ಕೋಶಕೇಂದ್ರವನ್ನು ಮುಟ್ಟಿ, ಇಂಥ ಜೀನ್ ಎಚ್ಚರಗೊಳ್ಳಲಿ, ಇಂಥದು ಸುಮ್ಮನಿರಲಿ ಎಂಬ ನಿರ್ಣಯವಾಗುತ್ತದೆ. ಕಪ್ಪೆಯ ಭ್ರೂಣದಲ್ಲಿ ಬಿ.ಎಂ.ಪಿ. ಎಂಬ ಇಂಥ ಪ್ರೋಟೀನು ಕೋಶಗಳಿಗೆ ಹೊಟ್ಟೆಯಾಗುವ, ಚರ್ಮವಾಗುವ ಸಂಕೇತ ಕೊಡುತ್ತದೆ. 1992ರಲ್ಲಿ ರಿಚರ್ಡ್ ಹಾರ್ಲಂಡನ ಪ್ರಯೋಗಶಾಲೆ 'ನಾಗಿನ್' ಎಂಬುದನ್ನೂ, 1994ರಲ್ಲಿ ಎಡ್ಡಿ ಡಿ ರೊಬರ್ಟಿಸನ ಪ್ರಯೋಗಶಾಲೆ 'ಕಾರ್ಡಿನ್' ಎಂಬುದನ್ನೂ ಸಂಘಟಕದಲ್ಲಿ ಕಂಡುಹಿಡಿದುವು. ನಾಗಿನ್ ಎಂದರೆ ಇಂಗ್ಲಿಷಿನ ಆಡುಮಾತಿನಲ್ಲಿ ತಲೆ, ನಮ್ಮ ನಾಗಿಣಿಯಲ್ಲ! ಇವೆರಡೂ ಮಾಡುವುದೇನು? ಬಿ.ಎಂ.ಪಿ.ಯನ್ನು ಹಿಡಿದು, ಅದು ಗ್ರಾಹಕವನ್ನು ಮುಟ್ಟದಂತೆ ತಡೆಯುವುದು, ಅಷ್ಟೆ. ಹೊರಪದರದ ಕೋಶಗಳಿಗೆ ನರವಾಗುವ ಒಲವು ತಮ್ಮಲ್ಲೇ ಇತ್ತು, ಬಿ.ಎಂ.ಪಿ. ಅದನ್ನು ಅದುಮಿಟ್ಟಿತ್ತು, ಸಂಘಟಕ ಆ ಅಡ್ಡಿಯನ್ನು ತೆಗೆಯಿತು. 1998ರಲ್ಲಿ ಜರ್ಮನಿಯಲ್ಲಿ ದೊರೆತ, ತಲೆಯನ್ನು ಮೂಡಿಸುವ 'ಡಿಕ್‌ಕೋಪ್ಫ್' ಕೂಡ ಇನ್ನೊಂದು ಸಂಕೇತವನ್ನು ತಡೆಯುವಂಥದೇ.

ಸಾಹಿತ್ಯಪ್ರಿಯರಿಗೆ ಒಂದು ಮಾತು. 1822ರಲ್ಲಿ ಫ್ರಾನ್ಸಿನ ಜೋಫ್ರುವಾ ಸಾಂತಿಲೇರ್, ಕೀಟವೆಂದರೆ ಅಂಗಾತ ಮಲಗಿಸಿದ ಕಶೇರುಕವೇ ಎಂದಿದ್ದನು. ನಮ್ಮ ನರಹುರಿ ಬೆನ್ನಿನಲ್ಲಿ, ಕೀಟದ್ದು ಹೊಟ್ಟೆಯ ಕಡೆ. ಪ್ರಾಣಿಗಳೆಲ್ಲಕ್ಕೂ ಒಂದೇ ವಿನ್ಯಾಸವುಂಟೆ ಎಂಬುದರ ಮೇಲೆ 1830ರಲ್ಲಿ ಪ್ಯಾರಿಸಿನಲ್ಲಿ ಅವನಿಗೂ ಕುವಿಯೇಗೂ ನಡೆದ ವಾಗ್ವಾದ ವೃದ್ಧಕವಿ ಗಯಟೆಗೆ ಅದೇ ವರ್ಷದ ಫ್ರೆಂಚ್ ಕ್ರಾಂತಿಗಿಂತಲೂ ದೊಡ್ಡ ಸುದ್ದಿಯಾಗಿತ್ತಂತೆ. ಅಂದು ವಾದದಲ್ಲಿ ಗೆದ್ದವನು ಕುವಿಯೇ ಎಂದೇ ಎಣಿಕೆ. ಆದರೆ 1995ರಲ್ಲಿ ಹಣ್ಣುನೊಣದ ಜೀನ್‌ಗಳನ್ನು ಕಪ್ಪೆಯವುಗಳೊಡನೆ ಹೋಲಿಸಿದಾಗ, ಕಾರ್ಡಿನ್ನಿನ ಜ್ಞಾತಿ ನೊಣದ ಹೊಟ್ಟೆಯ ಕಡೆಯಲ್ಲಿಯೂ, ಬಿ.ಎಂ.ಪಿ.ಯ ಜ್ಞಾತಿ ಬೆನ್ನಿನ ಕಡೆಯಲ್ಲಿಯೂ ಇರುವುದು ಸ್ಪಷ್ಟವಾಯಿತು. ಸಾಂತಿಲೇರನ ಕನಸಿನಲ್ಲಿ ಹುರುಳಿತ್ತು.

ಒಂದು ರೂಪಕ ಬುದ್ಧಿಗೆ ಕೈದೀಪವೂ ಆಗಬಲ್ಲುದು, ಕಣ್ಣುಕಪ್ಪಡವೂ ಆಗಬಲ್ಲುದು ಎಂಬುದನ್ನು ನಾವು ಕಾವ್ಯಮೀಮಾಂಸೆಯವರು ಬಲ್ಲೆವು. ವಿಜ್ಞಾನಕ್ಕೂ ಈ ಮಾತು ಸಲ್ಲುತ್ತದೆ. ಸಂಘಟಕನೆಂಬ ಪದದ ಹಿಂದೆ ಆಜ್ಞೆಯನ್ನು ಅರಸುತ್ತ ಹೋದವರಿಗೆ ಕೊನೆಗೆ ಸಿಕ್ಕಿದ್ದು, ನೆರೆಯವರಲ್ಲಿ ಇದ್ದುದನ್ನು ಅರಳಗೊಡುವ ಒಂದು ಬಿಡುಗಡೆ. ಹಿಲ್ಡಳಿಗೆ ಬಾಳು ಅಂಥ ಬಿಡುಗಡೆಯನ್ನು ಕೊಡಲಿಲ್ಲ. ಆದರೆ ಇಂದಿನ ಪಠ್ಯಗಳು ಆ ಕೋಶಗಳ ಚೂರನ್ನು ಸ್ಪೇಮನ್–ಮಾಂಗೋಲ್ಡ್ ಸಂಘಟಕವೆಂದೇ ಕರೆಯುತ್ತವೆ. ತಡವಾಗಿಯಾದರೂ ಆಕೆಯ ಹೆಸರು ಸೇರಬೇಕಾದಲ್ಲಿ ಸೇರಿತು.