ಮೈ ತಿರುಗುವುದು ಎತ್ತ? ಟೆನಿಸ್ ಸರ್ವ್ ಕುರಿತ ತಿಳಿವಳಿಕೆ ಬೆಳೆದುಬಂದ ದಾರಿ

ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿಕೊಂಡು ಕೋರ್ಟಿಗೆ ಬರುವ ಹುಡುಗರೆಲ್ಲ ಈಚೆಗೆ ಒಂದೇ ಮಾತು ಹೇಳುತ್ತಾರೆ: ಸರ್ವ್‌ಗೆ ಜೋರು ಬರಬೇಕಾದರೆ ಸೊಂಟ ತಿರುಗಿಸಬೇಕು. ಹಾಗೆಂದು ಅವರು ತಿರುಗುವುದು ಮಜ್ಜಿಗೆ ಕಡೆಯುವ ಕಡಗೋಲಿನ ಹಾಗೆ, ನೆಟ್ಟಗೆ, ನಿಂತಲ್ಲೇ. ಚೆಂಡು ಒಂದೋ ನೆಟ್ಟಿಗೆ ಬೀಳುತ್ತದೆ, ಇಲ್ಲವೇ ಎಡಕ್ಕೆ ಗೆರೆ ದಾಟಿ ಹೋಗುತ್ತದೆ. ಬೇಲಿಯಾಚೆ ನಿಂತ ಅಪ್ಪಂದಿರು ‘ಹಿಪ್ಸ್, ಹಿಪ್ಸ್’ ಎಂದು ಕೂಗುತ್ತಾರೆ. ಮೈ ತಿರುಗಿದರೆ ಬಲ ಬರುತ್ತದೆ ಎಂಬುದೇನೋ ನಿಜ. ಯಾವ ಅಕ್ಷದ ಸುತ್ತ, ಯಾವ ಗಳಿಗೆಯಲ್ಲಿ, ಎಷ್ಟು ಎಂದು ಗೊತ್ತಾಗಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಗೊತ್ತಾದದ್ದು ಪ್ರಯೋಗಾಲಯದಿಂದ ನಮ್ಮ ಕೋರ್ಟುಗಳಿಗೆ ಇನ್ನೂ ಇಳಿದು ಬಂದಿಲ್ಲ.

ಮೊದಲ ಅಧ್ಯಾಯವನ್ನು ಬೇಗ ಮುಗಿಸಬಹುದು. 1877ರಲ್ಲಿ ಮೊದಲ ವಿಂಬಲ್ಡನ್ ನಡೆದಾಗ ಸರ್ವ್ ಎಂದರೆ ಆಟ ಶುರುಮಾಡುವ ಶಿಷ್ಟಾಚಾರ, ಅಷ್ಟೆ. ಚೆಂಡನ್ನು ಕೆಳಗಿನಿಂದಲೋ ಭುಜದ ಮಟ್ಟದಲ್ಲೋ ಆಚೆ ದಾಟಿಸುತ್ತಿದ್ದರು. 1880ರ ದಶಕದಲ್ಲಿ ರೆನ್‌ಶಾ ಸಹೋದರರ ಕಾಲಕ್ಕೆ ತಲೆಯ ಮೇಲಿಂದ ಹೊಡೆಯುವುದು ರೂಢಿಯಾಯಿತು. 1900ರಲ್ಲಿ ಲಾಂಗ್‌ವುಡ್‌ನಲ್ಲಿ ನಡೆದ ಮೊದಲ ಡೇವಿಸ್ ಕಪ್‌ನಲ್ಲಿ ಹಾಲ್ಕೊಂಬ್ ವಾರ್ಡ್ ಮತ್ತು ಡ್ವೈಟ್ ಡೇವಿಸ್ ಅವರ ‘ಅಮೆರಿಕನ್ ಟ್ವಿಸ್ಟ್’ ಕಂಡು ಬ್ರಿಟಿಷರು ತಬ್ಬಿಬ್ಬಾದರು. ಬೆನ್ನು ಬಾಗಿಸಿ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆಯುವ ಆ ಸರ್ವ್‌ನಲ್ಲಿ ಮುಂಡ ಪಕ್ಕಕ್ಕೆ ಓರೆಯಾಗಲೇಬೇಕು. ಆದರೆ ನೋಡಿದವರೆಲ್ಲ ಚೆಂಡಿನ ಸ್ಪಿನ್ ಬಗ್ಗೆ ಬರೆದರು, ಮೈಯ ಬಗ್ಗೆ ಬರೆಯಲಿಲ್ಲ. ಆಮೇಲೆ ಮಾರಿಸ್ ಮೆಕ್ಲಾಕ್ಲಿನ್ ಬಂದರು, ಬಿಲ್ ಟಿಲ್ಡನ್ ಬಂದರು. ‘ಕ್ಯಾನನ್‌ಬಾಲ್’ ಎಂಬ ಹೆಸರು ಬಿರುಸಿನ ಸರ್ವ್‌ಗೆ ಹುಟ್ಟಿತು.

ಈ ಘಟ್ಟದಲ್ಲಿ ಬಹಳ ಜನ ಮರೆಯುವುದು ಒಂದು ನಿಯಮವನ್ನು. ಸರ್ವ್ ಮಾಡುವವರು ಚೆಂಡು ತಾಗುವವರೆಗೂ ನೆಲ ಬಿಡುವಂತಿರಲಿಲ್ಲ. ಈ ಕಟ್ಟು ಸಡಿಲವಾದದ್ದು 1960ರ ಆಸುಪಾಸಿನಲ್ಲಿ. ಅದಕ್ಕೆ ಮುಂಚಿನ ಆಟಗಾರರ, ಪಾಂಚೊ ಗೊನ್ಸಾಲೆಸ್ ಅಂಥವರ ಚಿತ್ರಗಳನ್ನು ಹಿಡಿದುಕೊಂಡು ‘ನೋಡಿ, ಕಾಲು ಎತ್ತದೆಯೂ ಎಂಥ ಸರ್ವ್’ ಎನ್ನುವವರು ಇಂದಿಗೂ ಇದ್ದಾರೆ. ಎತ್ತುವಂತಿರಲಿಲ್ಲ ಸ್ವಾಮಿ, ಎತ್ತಿದರೆ ಫಾಲ್ಟ್ ಆಗುತ್ತಿತ್ತು.

ನಮ್ಮ ದೇಶದ ಪರಂಪರೆ ಬೇರೆಯೇ ಆಗಿತ್ತು. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದ್ದು ಸರ್ವ್‌ನ ಬಲದಿಂದಲ್ಲ, ಕೈಚಳಕದಿಂದ. ಆ ನಾಜೂಕಿನ ಆಟವೇ ಭಾರತೀಯ ಟೆನಿಸ್ಸಿನ ಆದರ್ಶವಾಯಿತು. ಸರ್ವ್ ಎಂಬುದು ತರಬೇತಿಯ ಕೊನೆಯ ಹತ್ತು ನಿಮಿಷಕ್ಕೆ ಸರಿದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ. ಬೆಳಕು ಹೋಗುತ್ತಿರುವಾಗ, ಮಕ್ಕಳು ಸುಸ್ತಾಗಿರುವಾಗ, ಒಂದು ಬುಟ್ಟಿ ಚೆಂಡು ಖಾಲಿ ಮಾಡಿಸಿ ಮನೆಗೆ ಕಳಿಸುವುದು ಇಂದಿಗೂ ನಡೆದೇ ಇದೆ.

ವಿಜ್ಞಾನ ಒಳಗೆ ಬಂದದ್ದು ಸಿನಿಮಾ ಫಿಲ್ಮಿನ ಮೂಲಕ. ಸ್ಟ್ಯಾನ್ಲಿ ಪ್ಲಾಗನ್‌ಹೋಫ್ ಅವರ ಟೆನಿಸ್ ಕುರಿತ ಪುಸ್ತಕ 1970ರಲ್ಲಿ ಬಂತು. ಕೋಚ್ ವಿಕ್ ಬ್ರೇಡನ್ ಕ್ಯಾಲಿಫೋರ್ನಿಯಾದ ಕೋಟೊ ಡಿ ಕಾಸಾದಲ್ಲಿ ಚಲನವಿಜ್ಞಾನಿ ಗಿಡಿಯನ್ ಏರಿಯಲ್ ಜೊತೆ ಸೇರಿ ಆಟಗಾರರ ಚಲನೆಯನ್ನು ಕಂಪ್ಯೂಟರಿಗೆ ಉಣಿಸಿದರು. ಚಾಂಪಿಯನ್ನರು ತಾವು ಮಾಡುತ್ತೇವೆ ಎಂದು ಹೇಳುವುದಕ್ಕೂ ನಿಜವಾಗಿ ಮಾಡುವುದಕ್ಕೂ ಸಂಬಂಧವಿಲ್ಲ ಎಂದು ತೋರಿಸಿದ್ದು ಬ್ರೇಡನ್ ಅವರ ದೊಡ್ಡ ಕೊಡುಗೆ. ನಗಿಸುತ್ತ ತೋರಿಸಿದ್ದರಿಂದ ಅವರನ್ನು ಪಂಡಿತರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಭೌತವಿಜ್ಞಾನಿ ಹೊವರ್ಡ್ ಬ್ರೋಡಿ, ಚೆಂಡು ಎಷ್ಟು ಎತ್ತರದಲ್ಲಿ ತಾಗುತ್ತದೋ ಅಷ್ಟು ಸರ್ವೀಸ್ ಬಾಕ್ಸಿನೊಳಗೆ ಬೀಳುವ ಅವಕಾಶ ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ ಕೊಟ್ಟರು. ಎಲ್ಲ ಸರಿ, ಆದರೆ ಒಂದೇ ಕ್ಯಾಮೆರಾದ ಫಿಲ್ಮ್ ಅಳೆಯಬಲ್ಲದ್ದು ಒಂದು ಸಮತಲದ ಚಲನೆಯನ್ನು ಮಾತ್ರ. ಸರ್ವ್ ಮೂರು ದಿಕ್ಕಿನಲ್ಲಿ ನಡೆಯುವ ಕ್ರಿಯೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಮುಂದಕ್ಕೆ ಬಾಗುವುದು ಕಾಣುತ್ತದೆ, ಭುಜಗಳು ಮೇಲೆ ಕೆಳಗೆ ಅದಲುಬದಲಾಗುವುದು ಕಾಣದು. ಕಾಣದ್ದನ್ನು ಯಾರೂ ಕಲಿಸಲಿಲ್ಲ.

ನಮ್ಮ ತಲೆಮಾರಿನ ಕೋಚ್‌ಗಳ ಕಣ್ಣು ತೆರೆಸಿದ್ದು ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಬ್ರೂಸ್ ಎಲಿಯಟ್ ಮತ್ತು ಅವರ ಬಳಗ. 1986ರಲ್ಲಿ ಅವರು ಸರ್ವ್‌ನ ಮೂರು ಆಯಾಮದ ಫಿಲ್ಮ್ ವಿಶ್ಲೇಷಣೆ ಪ್ರಕಟಿಸಿದರು. 1995ರಲ್ಲಿ ಎಲಿಯಟ್, ಮಾರ್ಷಲ್, ನೋಫಲ್ ಸೇರಿ ಬರೆದ ಪ್ರಬಂಧವಂತೂ ಈ ಕ್ಷೇತ್ರದ ತಿರುವು. ಚೆಂಡು ತಾಗುವ ಗಳಿಗೆಯಲ್ಲಿ ರಾಕೆಟ್ಟಿನ ವೇಗಕ್ಕೆ ಯಾವ ಭಾಗದ ಪಾಲು ಎಷ್ಟು ಎಂದು ಅವರು ಬಿಡಿಸಿ ನೋಡಿದರು. ರೆಟ್ಟೆ ಭುಜದ ಕೀಲಿನಲ್ಲಿ ಒಳಮುಖವಾಗಿ ಸುತ್ತುವುದರ ಪಾಲು ನೂರಕ್ಕೆ 54ರಷ್ಟು, ಮಣಿಕಟ್ಟು ಬಾಗುವುದರ ಪಾಲು ನೂರಕ್ಕೆ 31ರಷ್ಟು. ಭುಜವೇ ಮುಂದಕ್ಕೆ ಸಾಗುವುದರ ಪಾಲು ಹತ್ತನ್ನೂ ಮುಟ್ಟಲಿಲ್ಲ. ಅಲ್ಲಿಯವರೆಗೆ ‘ಬೆನ್ನು ಕೆರೆದುಕೊಳ್ಳುವ ಹಾಗೆ ರಾಕೆಟ್ ಇಳಿಸು’ ಎಂದು ಭಂಗಿ ಕಲಿಸುತ್ತಿದ್ದವರಿಗೆ, ರಾಕೆಟ್ ಇಳಿಯುವುದು ಇಳಿಸುವುದರಿಂದಲ್ಲ, ಕಾಲು ನೆಲವನ್ನು ಒತ್ತಿ ಮೈ ಮೇಲೇಳುವಾಗ ತೋಳು ಹಿಂದೆ ಉಳಿಯುವುದರಿಂದ ಎಂದು ತಿಳಿಯಿತು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ಗಾಗಿ ಎಲಿಯಟ್, ಮಕಾರ್ ರೀಡ್, ಮಿಗೆಲ್ ಕ್ರೆಸ್ಪೊ 2003ರಲ್ಲಿ ತಂದ ಪುಸ್ತಕವನ್ನು ಕೋಚ್ ಆಗುವವರು ಇವತ್ತಿಗೂ ಮೊದಲು ಓದಬೇಕು.

ಅದೇ 1995ರಲ್ಲಿ ಅಮೆರಿಕದ ಮೂಳೆ ವೈದ್ಯ ಬೆನ್ ಕಿಬ್ಲರ್ ಬೇರೊಂದು ಲೆಕ್ಕ ಮುಂದಿಟ್ಟರು. ಸರ್ವ್‌ನ ಚಲನಶಕ್ತಿಯಲ್ಲಿ ನೂರಕ್ಕೆ 51ರಷ್ಟು ಹುಟ್ಟುವುದು ಕಾಲು, ಸೊಂಟ, ಮುಂಡಗಳಲ್ಲಿ ಎಂಬುದು ಅವರ ಲೆಕ್ಕ. ಆ ಭಾಗದಿಂದ ಬರುವ ಶಕ್ತಿ ನೂರಕ್ಕೆ 20ರಷ್ಟು ಕಡಿಮೆಯಾದರೆ, ಅದೇ ವೇಗ ಕಾಯ್ದುಕೊಳ್ಳಲು ಭುಜ ನೂರಕ್ಕೆ 34ರಷ್ಟು ಹೆಚ್ಚು ವೇಗವಾಗಿ ಸುತ್ತಬೇಕಾಗುತ್ತದೆ. ಇಲ್ಲಿಂದ ಕೋಚ್‌ಗಳಲ್ಲಿ ಎರಡು ಪಂಗಡ. ಎಲಿಯಟ್ ಅಂಕಿ ಹಿಡಿದವರು ‘ಎಲ್ಲ ತೋಳಿನಲ್ಲಿದೆ’ ಎಂದರು, ಕಿಬ್ಲರ್ ಅಂಕಿ ಹಿಡಿದವರು ‘ಎಲ್ಲ ಸೊಂಟದಲ್ಲಿದೆ’ ಎಂದರು. ಎರಡೂ ಪಂಗಡ ಮೂಲವನ್ನು ಪೂರ್ತಿ ಓದಿದಂತಿಲ್ಲ. ಒಂದು ಅಂಕಿ ಹೇಳುವುದು ಚೆಂಡು ತಾಗುವ ಗಳಿಗೆಯ ವೇಗವನ್ನು, ಇನ್ನೊಂದು ಹೇಳುವುದು ಶಕ್ತಿ ಎಲ್ಲಿ ಹುಟ್ಟಿತು ಎಂಬುದನ್ನು. ಚೆಂಡು ತಾಗುವ ಹೊತ್ತಿಗೆ ಮುಂಡ ತನ್ನದನ್ನು ತೋಳಿಗೆ ದಾಟಿಸಿ ನಿಧಾನವಾಗಿರುತ್ತದೆ. ಆ ಗಳಿಗೆಯಲ್ಲಿ ಅದರ ಪಾಲು ಕಡಿಮೆ ಕಂಡರೆ ಅದು ಕೆಲಸ ಚೆನ್ನಾಗಿ ಮುಗಿಸಿದೆ ಎಂದರ್ಥ.

ಹಾಗಾದರೆ ಮುಂಡ ತಿರುಗುವುದು ಎತ್ತ? ಇದಕ್ಕೆ ನೇರ ಉತ್ತರ ಕೊಟ್ಟವರು ಸಂಶೋಧಕ ರಫೇಲ್ ಬಹಮೊಂಡೆ. 2000ದಲ್ಲಿ ಅವರು ಸರ್ವ್‌ನ ಕೋನೀಯ ಸಂವೇಗವನ್ನು, ಅಂದರೆ ಸುತ್ತುವ ಮೈಯಲ್ಲಿರುವ ಚಲನೆಯ ಮೊತ್ತವನ್ನು, ಮೂರು ಅಕ್ಷಗಳಿಗೆ ಹಂಚಿ ತೋರಿಸಿದರು. ಒಂದು, ಲಾಗ ಹಾಕುವವರಂತೆ ಮುಂದಕ್ಕೆ ಮಗುಚುವುದು. ಎರಡು, ಪಕ್ಕಕ್ಕೆ ಉರುಳುವುದು, ಅಂದರೆ ಬಲಭುಜ ಮೇಲೇರಿ ಎಡಭುಜ ಕೆಳಗಿಳಿಯುವುದು. ಮೂರು, ನೆಟ್ಟಗಿನ ಅಕ್ಷದ ಸುತ್ತ ತಿರುಗುವುದು. ಮೊದಲೆರಡೇ ದೊಡ್ಡವು, ಮೂರನೆಯದು ತೀರ ಚಿಕ್ಕದು. ನಮ್ಮ ಹುಡುಗರು ಮೊಬೈಲ್ ನೋಡಿ ಕಲಿತು ಬರುವುದು ಈ ಮೂರನೆಯದನ್ನೇ.

ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದೇ ವರ್ಷ ಆಡಿದ ಆಟಗಾರರ ಸರ್ವ್ ಚಿತ್ರೀಕರಿಸಿ ಗ್ಲೆನ್ ಫ್ಲೈಸಿಗ್, ಎಲಿಯಟ್ ಮತ್ತಿತರರು 2003ರಲ್ಲಿ ಪ್ರಕಟಿಸಿದ ಅಳತೆಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದವು. ಮುಂಡ ಓರೆಯಾಗುವ ವೇಗ ಮೊದಲು ತುದಿ ಮುಟ್ಟುತ್ತದೆ, ಸೆಕೆಂಡಿಗೆ 280 ಡಿಗ್ರಿ. ಆಮೇಲೆ ಎದೆಭಾಗದ ತಿರುವು, 870. ಅದರ ನಂತರ ಸೊಂಟದ್ದು, 440. ‘ಮೊದಲು ಸೊಂಟ, ಆಮೇಲೆ ಎದೆ’ ಎಂಬ ಮಂತ್ರ ಇಲ್ಲಿ ಅಲ್ಲಾಡುತ್ತದೆ. ಎದೆಯ ತಿರುವಿನ ವೇಗ ದೊಡ್ಡದಿದೆಯಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಮೈ ತನ್ನ ಉದ್ದದ ಅಕ್ಷದ ಸುತ್ತ ಸುಲಭವಾಗಿ, ವೇಗವಾಗಿ ಸುತ್ತುತ್ತದೆ, ಆದರೆ ಜಡತ್ವ ಕಡಿಮೆಯಾದ್ದರಿಂದ ಅದರಲ್ಲಿ ಸಂವೇಗ ಕಡಿಮೆ. ಮೇಲಾಗಿ ಆ ಹೊತ್ತಿಗೆ ಮುಂಡ ನೆಟ್ಟಗೆ ಇರುವುದೇ ಇಲ್ಲ. ಚೆಂಡು ತಾಗುವಾಗ ಅದು ನೆಲದಿಂದ 48 ಡಿಗ್ರಿಯಷ್ಟೇ ಎದ್ದಿರುತ್ತದೆ, ರೆಟ್ಟೆ ಪಕ್ಕೆಯಿಂದ 101 ಡಿಗ್ರಿಯಷ್ಟು ದೂರ ಇರುತ್ತದೆ. ಅಂದರೆ ತೋಳು ಕಿವಿಗೆ ಅಂಟಿಕೊಂಡು ಮೇಲೆ ಹೋಗುವುದಿಲ್ಲ. ಭುಜಗಳ ಗೆರೆಯೇ ಓರೆಯಾಗಿ ರಾಕೆಟ್ಟನ್ನು ಎತ್ತರಕ್ಕೆ ಒಯ್ಯುತ್ತದೆ. ಬ್ರೋಡಿ ಕೇಳಿದ ಎತ್ತರ ಸಿಗುವುದು ಹೀಗೆ.

ಕೋರ್ಟಿನಲ್ಲಿ ಇದನ್ನು ನೋಡಬೇಕಾದರೆ ಬಲಗೈ ಹುಡುಗನ ಎಡಗೈ ಮೇಲೆ ಕಣ್ಣಿಡಿ. ಟಾಸ್ ಮಾಡಿದ ಕೂಡಲೇ ಆ ಕೈ ಹೊಟ್ಟೆಯ ಕಡೆಗೆ ಬಿದ್ದರೆ ಎಡಭುಜವೂ ಜೊತೆಗೆ ಇಳಿಯುತ್ತದೆ, ಎದೆ ಆಗಲೇ ನೆಟ್ ಕಡೆ ತೆರೆದುಕೊಳ್ಳುತ್ತದೆ. ಇನ್ನು ಉಳಿದದ್ದು ಅಡ್ಡ ತಿರುವು ಮಾತ್ರ. ಕೈ ಮೇಲೇ ಇದ್ದು, ಎಡಸೊಂಟ ಕೋರ್ಟಿನೊಳಕ್ಕೆ ಚಾಚಿ, ಬಲಭುಜ ಕೆಳಗೆ ಕಾಯುತ್ತಿದ್ದರೆ ಅದು ಏರಲು ದಾರಿ ಇರುತ್ತದೆ. ‘ಸೊಂಟ ತಿರುಗಿಸು’ ಎನ್ನುವ ಬದಲು ‘ಎಡಗೈ ಬೀಳಿಸಬೇಡ’ ಎಂದರೆ ಅರ್ಧ ಕೆಲಸ ಮುಗಿಯಿತು.

ದೊಡ್ಡ ಆಟಗಾರರನ್ನು ಈ ಕಣ್ಣಿನಿಂದ ನೋಡಿದರೆ ಹಳೆಯ ಜಗಳಗಳು ಕರಗುತ್ತವೆ. ಮೆಕೆನ್ರೊ ನೆಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಪೀಟ್ ಸಾಂಪ್ರಾಸ್ ಭುಜಗಳನ್ನು ಆಳವಾಗಿ ಹಿಂದೆ ತಿರುಗಿಸುತ್ತಿದ್ದರು. ಆ್ಯಂಡಿ ರಾಡಿಕ್ ಪಾದಗಳನ್ನು ಹತ್ತಿರ ಇಟ್ಟು, ತೋಳನ್ನು ಚುಟುಕಾಗಿ ಎತ್ತಿ, 2004ರ ಡೇವಿಸ್ ಕಪ್‌ನಲ್ಲಿ ಗಂಟೆಗೆ 249 ಕಿಲೋಮೀಟರ್ ವೇಗದ ಸರ್ವ್ ಹಾಕಿದರು. ಶುರುವಿನ ಭಂಗಿ ಮೂವರದ್ದೂ ಬೇರೆ. ಭುಜಗಳು ಒಂದರ ಮೇಲೊಂದು ಏರುವ ಗಳಿಗೆ ಮೂವರಲ್ಲೂ ಒಂದೇ. 2016ರಲ್ಲಿ ಜಾನ್ ಇಸ್ನರ್ 253 ಕಿಲೋಮೀಟರ್ ಮುಟ್ಟಿದಾಗ ಎಲ್ಲರೂ ಅವರ ಎತ್ತರವನ್ನೇ ಎತ್ತಿ ಆಡಿದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗಲೂ ಕೋರ್ಟಿನ ಪಕ್ಕದ ಮಾತು ಅದೇ. ಎತ್ತರವನ್ನು ಕಲಿಸಲಾಗದು, ಆದ್ದರಿಂದ ಕೋಚ್‌ಗಳಿಗೆ ಅದು ಅನುಕೂಲದ ವಿವರಣೆ.

ಈಚಿನ ಒಳ್ಳೆಯ ಕೆಲಸ ಬಂದಿರುವುದು ಫ್ರಾನ್ಸಿನ ರೆನ್‌ನಿಂದ. ಕರೋಲಿನ್ ಮಾರ್ಟಿನ್ ಮತ್ತು ಸಂಗಡಿಗರು 2013ರಲ್ಲಿ ವೃತ್ತಿಪರರ ಸರ್ವ್ ಅಳೆದು, ಚೆಂಡಿನ ವೇಗಕ್ಕೂ ಮುಂಡ ಮುಂದಕ್ಕೆ ಮಗುಚುವ ಸಂವೇಗಕ್ಕೂ ಗಟ್ಟಿ ನಂಟಿದೆ ಎಂದು ತೋರಿಸಿದರು. ಮರುವರ್ಷ ಅವರದೇ ತಂಡ, ಗಾಯಗೊಂಡವರಲ್ಲಿ ಮುಂಡದಿಂದ ತೋಳಿಗೆ ಶಕ್ತಿ ಹರಿಯುವ ದಾರಿ ಸಮರ್ಪಕವಾಗಿಲ್ಲ ಎಂದು ಕಂಡಿತು. ಭುಜನೋವಿನ ಮಗುವಿಗೆ ಐಸ್ ಇಟ್ಟು ವಾರ ರಜೆ ಕೊಡುವ ನಮ್ಮ ಪದ್ಧತಿಗೆ ಇದು ಉತ್ತರ ಕೇಳುತ್ತದೆ.

ಕೊರತೆ ಎದ್ದು ಕಾಣುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಸಿಡ್ನಿ ಅಳತೆಯಲ್ಲಿ ರೆಟ್ಟೆಯ ಒಳಸುತ್ತು ಗಂಡಸರಲ್ಲಿ ಸೆಕೆಂಡಿಗೆ 2420 ಡಿಗ್ರಿ, ಹೆಂಗಸರಲ್ಲಿ 1370. ಕೋಚ್‌ಗಳು ಇದನ್ನು ಸಲೀಸಾಗಿ ‘ಬಲ ಕಡಿಮೆ’ ಎಂದು ಓದಿಬಿಟ್ಟರು. ಡೇವಿಡ್ ವೈಟ್‌ಸೈಡ್ ಮತ್ತಿತರರು 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಬೇರೆಬೇರೆ ವಯಸ್ಸಿನ ಆಟಗಾರ್ತಿಯರ ಸರ್ವ್ ಹೋಲಿಸಿದ್ದು ಬಿಟ್ಟರೆ, ಈ ಸಾಹಿತ್ಯದ ಬಹುಪಾಲು ಬೆಳೆದ ಗಂಡಸರ ಮೈಯ ಮೇಲೆ ನಿಂತಿದೆ. ನಮ್ಮ ಬೀದಿಯಲ್ಲಿ ಹುಡುಗ ಐದನೇ ವರ್ಷಕ್ಕೆ ಕಲ್ಲು, ಮಾವಿನಕಾಯಿ, ಕ್ರಿಕೆಟ್ ಚೆಂಡು ಎಸೆಯುತ್ತ ಭುಜ ಏರಿಳಿಸುವುದನ್ನು ತಾನಾಗಿ ಕಲಿತಿರುತ್ತಾನೆ. ಹುಡುಗಿಗೆ ಆ ಅವಕಾಶ ಬಹಳ ಕಡಿಮೆ. ಅವಳು ಮೊದಲ ಬಾರಿ ತಲೆಯ ಮೇಲಿಂದ ಕೈ ಬೀಸುವುದು ಹತ್ತನೇ ವಯಸ್ಸಿನಲ್ಲಿ, ರಾಕೆಟ್ ಹಿಡಿದೇ. ಬಲದ ಮಾತು ಎತ್ತುವ ಮುನ್ನ ಅವಳ ಕೈಗೆ ಬರೀ ಚೆಂಡು ಕೊಟ್ಟು, ಬೇಸ್‌ಲೈನಿನಿಂದ ಎದುರು ಬೇಲಿಯ ಮೇಲ್ಗಡೆಗೆ ಎಸೆಸಿ ನೋಡಬಹುದಲ್ಲ. ತರಬೇತಿಯ ಕೊನೆಗೆ ಬೇಡ, ಮೊದಲಿಗೇ. ಮೊಬೈಲಿನಲ್ಲಿ ಚಿತ್ರ ತೆಗೆಯುವ ಅಪ್ಪ ಪಕ್ಕದ ಬೇಲಿ ಬಿಟ್ಟು ಅವಳ ಬೆನ್ನ ಹಿಂದೆ ನಿಂತರೆ, ಯಾವ ಭುಜ ಯಾವಾಗ ಮೇಲೇರಿತು ಎಂಬುದು ಅವನಿಗೂ ಕಂಡೀತು.