ಹತ್ತನೆಯ ತರಗತಿಯ ಮುಂದಿನ ಕವಲುದಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ರಾಜ್ಯದ ಲಕ್ಷಾಂತರ ಮನೆಗಳಲ್ಲಿ ಒಂದೇ ಪ್ರಶ್ನೆ: ಮುಂದೇನು? ವಿಜ್ಞಾನವೋ, ವಾಣಿಜ್ಯವೋ, ಕಲೆಯೋ? ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ? ಹದಿನೈದು-ಹದಿನಾರರ ಹುಡುಗ ಅಥವಾ ಹುಡುಗಿ ಕೆಲವೇ ವಾರಗಳಲ್ಲಿ ಇದಕ್ಕೆ ಉತ್ತರ ಹೇಳಬೇಕು. ಹೆಚ್ಚು ಅಂಕ ಬಂದರೆ ವಿಜ್ಞಾನ, ನಡುವಣ ಅಂಕಕ್ಕೆ ವಾಣಿಜ್ಯ, ಕಡಿಮೆಯಾದರೆ ಕಲೆ ಅಥವಾ ಐಟಿಐ ಎಂಬ ಏಣಿಯೊಂದನ್ನು ಮನೆಯವರು, ನೆಂಟರು, ನೆರೆಹೊರೆಯವರು ಸಿದ್ಧವಾಗಿಯೇ ಇಟ್ಟುಕೊಂಡಿರುತ್ತಾರೆ. ಯಾವ ಕಾನೂನಿನಲ್ಲೂ ಬರೆದಿಲ್ಲದ ಈ ಏಣಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯುಂಟು.

1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಕಾಲೇಜಿಗೆ ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸಲು ಅವು ಪ್ರವೇಶ ಪರೀಕ್ಷೆ ನಡೆಸತೊಡಗಿದವು. ಅದೇ ಮೆಟ್ರಿಕ್ಯುಲೇಷನ್. ಶಾಲೆಯಲ್ಲಿ ಮಗು ಏನು ಕಲಿತಿದೆ ಎಂದು ತಿಳಿಯುವುದಕ್ಕಿಂತ, ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಒಳಗೆ ಬಿಡುವುದೇ ಅದರ ಉದ್ದೇಶ. ಆದರೆ ಸರ್ಕಾರಿ ಕಚೇರಿಗಳೂ ಗುಮಾಸ್ತೆಯ ಕೆಲಸಕ್ಕೆ ಇದೇ ಅರ್ಹತೆಯನ್ನು ಕೇಳತೊಡಗಿದ್ದರಿಂದ ‘ಮೆಟ್ರಿಕ್ ಪಾಸು’ ಎಂಬುದು ಸಂಬಳ ತರುವ ಮಾತಾಯಿತು. ಕಾಲೇಜು ಮೆಟ್ಟಿಲು ಹತ್ತದವರೂ ಕಾಲೇಜಿಗಾಗಿ ರೂಪಿಸಿದ ಪಾಠಗಳನ್ನೇ ಓದಬೇಕಾಯಿತು.

ಇದರ ದೋಷ ಆಗಲೇ ಕೆಲವರ ಗಮನಕ್ಕೆ ಬಂದಿತ್ತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಎರಡು ದಾರಿಗಳಿರಬೇಕೆಂದು ಸಲಹೆ ಮಾಡಿತು. ಒಂದು ವಿಶ್ವವಿದ್ಯಾಲಯಕ್ಕೆ ಒಯ್ಯುವುದು. ಇನ್ನೊಂದು ವ್ಯಾಪಾರ, ಕಸುಬು ಮೊದಲಾದ ಲೌಕಿಕ ಉದ್ಯೋಗಗಳಿಗೆ ಅಣಿಮಾಡುವುದು. ಆದರೆ ಎರಡನೆಯ ದಾರಿಯಲ್ಲಿ ನಡೆದವರು ಬಹಳ ಕಡಿಮೆ. ಭಾರತೀಯರಿಗೆ ಕೈಕೆಲಸವೆಂದರೆ ತಾತ್ಸಾರ ಎಂಬ ವಿವರಣೆ ಆ ಕಾಲದಿಂದಲೂ ಕೇಳಿಬರುತ್ತಿದೆ. ಜಾತಿಯ ಮೇಲು-ಕೀಳುಗಳಲ್ಲಿ ಬೆಳೆದ ಸಮಾಜದಲ್ಲಿ ಈ ಮಾತು ಸುಳ್ಳೆನ್ನಲಾಗದು. ಆದರೆ ಅದು ಅರ್ಧ ಸತ್ಯ ಮಾತ್ರ. ಒಂದು ದಾರಿಯ ಕೊನೆಯಲ್ಲಿ ಕಾಲೇಜೂ ಇತ್ತು, ಸರ್ಕಾರಿ ನೌಕರಿಯೂ ಇತ್ತು. ಇನ್ನೊಂದರ ಕೊನೆಯಲ್ಲಿ ಇವೆರಡರ ಭರವಸೆಯೂ ಇರಲಿಲ್ಲ. ಹೊಲ ಅಡವಿಟ್ಟು ಮಗನನ್ನು ಓದಿಸುವ ತಂದೆ ಯಾವುದನ್ನು ಆರಿಸಿಕೊಂಡಾನು?

ಎಸ್ಸೆಸ್ಸೆಲ್ಸಿಯ ಹುಟ್ಟಿನಲ್ಲಿಯೂ ಇದೇ ತೊಡಕು ಕಾಣುತ್ತದೆ. ದಕ್ಷಿಣ ಕನ್ನಡ, ಬಳ್ಳಾರಿಗಳನ್ನು ಒಳಗೊಂಡಿದ್ದ ಮದರಾಸು ಪ್ರಾಂತ್ಯದಲ್ಲಿ ಈ ಪದ್ಧತಿ 1911ರಲ್ಲಿ ಜಾರಿಗೆ ಬಂದಿತು. ಮೊದಲಲ್ಲಿ ಅದು ವಿದ್ಯಾರ್ಥಿಯ ಶಾಲಾ ಸಾಧನೆಯನ್ನೂ ಪರೀಕ್ಷೆಯ ಅಂಕಗಳನ್ನೂ ದಾಖಲಿಸುವ ಪತ್ರವಾಗಿತ್ತು. ಪಾಸು-ಫೇಲಿನ ಮುದ್ರೆ ಒತ್ತುವುದು ಅದರ ಕೆಲಸವಾಗಿರಲಿಲ್ಲ. ಹೆಸರೇ ಹೇಳುವಂತೆ ಅದು ಶಾಲೆ ಬಿಡುವವರಿಗೆ ಕೊಡುವ ಪ್ರಮಾಣಪತ್ರ. ಆದರೆ ಕಾಲೇಜಿಗೆ ಯಾರು ಅರ್ಹರು ಎಂಬ ಪಟ್ಟಿ ಬಂದೊಡನೆ ಜನ ಆ ಪಟ್ಟಿಯನ್ನೇ ನೋಡತೊಡಗಿದರು. ಶಾಲೆ ಬಿಡುವ ಪತ್ರ ಮತ್ತೆ ಕಾಲೇಜು ಸೇರುವ ಚೀಟಿಯಾಯಿತು.

ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ ದಾರಿಗಳೂ ಬೇರೆ ಬೇರೆಯಾಗಿದ್ದವು. ಮುಂಬಯಿ ಕರ್ನಾಟಕದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಕನ್ನಡ ಶಾಲೆಯ ಮಾಸ್ತರರಾಗಬಹುದಿತ್ತು. ಹಳ್ಳಿಯ ಬಡ ಹುಡುಗನಿಗೆ ಅದು ದೊಡ್ಡ ಆಸರೆ. ಹಳೆಯ ಮೈಸೂರಿನಲ್ಲಿ ಬೇರೊಂದು ಪ್ರಯತ್ನ ನಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮೈಸೂರು ಸರ್ಕಾರದ ನೆರವು ದೊರೆತದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಅವರು ದಿವಾನರಾಗಿದ್ದ ಕಾಲದಲ್ಲಿ (1912–1918) ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ; ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ. ವಿಶ್ವವಿದ್ಯಾಲಯವೊಂದೇ ಸಾಲದೆಂಬುದು ಅವರ ನಿಲುವಾಗಿತ್ತು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿದ್ದು ಅವರ ಒತ್ತಾಸೆಯಿಂದಲೇ. ಇಂದು ಅದು ಎಸ್‌ಜೆಪಿ ಎಂದೇ ಪ್ರಸಿದ್ಧವಾದ ಪಾಲಿಟೆಕ್ನಿಕ್.

ಸ್ವಾತಂತ್ರ್ಯದ ನಂತರ ಈ ಪ್ರಶ್ನೆಯನ್ನು ಹೆಚ್ಚು ಆಳವಾಗಿ ನೋಡಿದ್ದು ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ (1952–53). ಇಂಟರ್‌ಮೀಡಿಯೆಟ್ ತೆಗೆದುಹಾಕಬೇಕು, ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳಿಂದ ವಿದ್ಯಾರ್ಥಿ ತನ್ನ ಒಲವಿಗೆ ತಕ್ಕುದನ್ನು ಆರಿಸಿಕೊಳ್ಳಬೇಕು ಎಂದು ಅದು ಹೇಳಿತು. ಜನ ‘ಮಲ್ಟಿಪರ್ಪಸ್ ಹೈಸ್ಕೂಲು’ ಎಂದು ಕರೆದ ವಿವಿಧೋದ್ದೇಶ ಪ್ರೌಢಶಾಲೆಗಳು ಬಂದದ್ದು ಇದರಿಂದಲೇ. ಆಯೋಗದ ಇನ್ನೊಂದು ಮಾತು ಇನ್ನೂ ಮುಖ್ಯವಾದದ್ದು. ಮಕ್ಕಳ ಮುಂದೆ ಹಲವು ದಾರಿಗಳನ್ನು ತೆರೆದಿಟ್ಟರೆ ಸಾಲದು, ಯಾವುದು ಎಲ್ಲಿಗೆ ಹೋಗುತ್ತದೆಂದು ತಿಳಿಸುವವರು ಬೇಕು. ಅದಕ್ಕಾಗಿ ತರಬೇತಾದ ಮಾರ್ಗದರ್ಶಕರು ಶಾಲೆಗಳಿಗೆ ದೊರೆಯುವಂತಾಗಬೇಕು ಎಂಬುದೇ ಆ ಮಾತು. 1954ರಲ್ಲಿ ದೆಹಲಿಯಲ್ಲಿ ಇದಕ್ಕೆಂದೇ ಒಂದು ಕೇಂದ್ರ ಸಂಸ್ಥೆಯೂ ಆರಂಭವಾಯಿತು. ಆದರೆ ದೆಹಲಿಯ ಆ ಯೋಚನೆ ಹೋಬಳಿಯ ಹೈಸ್ಕೂಲನ್ನು ತಲಪಲಿಲ್ಲ. ಅಲ್ಲಿ ಮಾರ್ಗದರ್ಶಕನ ಕೆಲಸವನ್ನು ಅಂಕಪಟ್ಟಿಯೇ ಮಾಡಿತು.

1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಹತ್ತು, ಎರಡು, ಮೂರು ವರ್ಷಗಳ ಚೌಕಟ್ಟನ್ನು ಕೊಟ್ಟಿತು. 1986ರ ಹೊತ್ತಿಗೆ ಹತ್ತನೆಯ ತರಗತಿಯ ಮೇಲೆ ಓದುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ವೃತ್ತಿ ಶಿಕ್ಷಣದಲ್ಲಿರಬೇಕೆಂಬುದು ಅದರ ಆಶಯ. 1986 ಬಂದಾಗ ಹೊಸ ಶಿಕ್ಷಣ ನೀತಿ ಈ ಗುರಿಯನ್ನು ಇಳಿಸಿ, 1990ಕ್ಕೆ ಶೇಕಡ 10, 1995ಕ್ಕೆ ಶೇಕಡ 25 ಎಂದಿತು. 1992ರಲ್ಲಿ ಅದೇ ಅಂಕಿಗಳನ್ನು 1995 ಮತ್ತು 2000ಕ್ಕೆ ಮುಂದೂಡಲಾಯಿತು. ಕರ್ನಾಟಕದಲ್ಲಿ 1970ರ ದಶಕದ ಉತ್ತರಾರ್ಧದಿಂದ ಪದವಿಪೂರ್ವ ಹಂತದಲ್ಲಿ ಜೆಒಸಿ ಎಂಬ ಉದ್ಯೋಗ ಆಧಾರಿತ ಕೋರ್ಸುಗಳು ನಡೆದವು. ಕೊನೆಗೆ ಅವೂ ನಿಂತುಹೋದವು.

ಹಾಗಾದರೆ ಕಸುಬಿನ ಶಿಕ್ಷಣ ಎಲ್ಲ ಕಡೆಯೂ ಸೋತಿತೇ? ಹಾಗೇನೂ ಇಲ್ಲ. 1950ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು ಬಂದವು. ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಮುಂತಾದ ಕಾರ್ಖಾನೆಗಳು ಬೆಳೆಯುತ್ತಿದ್ದ ದಶಕಗಳಲ್ಲಿ ಫಿಟ್ಟರ್, ಟರ್ನರ್ ಕಲಿತ ಹುಡುಗನಿಗೆ ಖಾಯಂ ನೌಕರಿ, ಕ್ವಾರ್ಟರ್ಸು, ಪಿಂಚಣಿ ಅಥವಾ ಪ್ರಾವಿಡೆಂಟ್ ಫಂಡಿನ ಆಸೆಯಿತ್ತು. ಆಗ ಯಾರೂ ಆ ದಾರಿಯನ್ನು ಕೀಳೆನ್ನಲಿಲ್ಲ. ಪಾಲಿಟೆಕ್ನಿಕ್ಕುಗಳು ಇಂದಿಗೂ ಉಳಿದಿರುವುದಕ್ಕೆ ಇನ್ನೊಂದು ಕಾರಣವಿದೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನಿಗದಿತ ಅರ್ಹತೆಯುಳ್ಳ ಐಟಿಐ ವಿದ್ಯಾರ್ಥಿಗಳಿಗೆ ಡಿಪ್ಲೊಮಾದ ಎರಡನೆಯ ವರ್ಷ ತೆರೆದಿದೆ. ಎಂದರೆ, ಈ ದಾರಿಗಳಲ್ಲಿ ಸೇತುವೆಗಳಿವೆ.

ವಿಜ್ಞಾನಕ್ಕೆ ಮುಗಿಬೀಳುವುದರ ಗುಟ್ಟೂ ಇಲ್ಲಿಯೇ ಇದೆ. 1993ರ ಉನ್ನಿಕೃಷ್ಣನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಲ್ಲಿ 1994ರಿಂದ ಕರ್ನಾಟಕದಲ್ಲಿ ಸಿಇಟಿ ಆರಂಭವಾಯಿತು. ಕ್ಯಾಪಿಟೇಷನ್ ಕೊಡಲಾಗದ ಮನೆಯ ಮಕ್ಕಳಿಗೂ ರ‍್ಯಾಂಕಿನ ಬಲದಿಂದ ಎಂಜಿನಿಯರಿಂಗ್ ಸೀಟು ಸಿಗುವಂತಾಯಿತು. ಆದರೆ ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಬಿಟ್ಟವರಿಗೆ ಆ ಬಾಗಿಲು ಮುಚ್ಚುತ್ತದೆ. ವಿಜ್ಞಾನ ಓದಿದವರಾದರೋ ಮುಂದೆ ಬಿ.ಎ., ಬಿ.ಕಾಂ., ಕಾನೂನು ಯಾವುದಕ್ಕೂ ಹೊರಳಬಹುದು. ಕಲೆ, ವಾಣಿಜ್ಯಗಳು ಬುದ್ಧಿಯಲ್ಲಿ ಕೆಳಗಿನವೆಂದು ಈ ಏಣಿ ಹುಟ್ಟಿದ್ದಲ್ಲ. ಹಿಂದಿರುಗುವ ಬಾಗಿಲು ಎಲ್ಲಿ ಹೆಚ್ಚಿದೆಯೋ ಅದು ಮೇಲಿನ ಮೆಟ್ಟಿಲಾಯಿತು. ಸಮಾಜ ಬಾಗಿಲ ಲೆಕ್ಕವನ್ನು ಮರೆತು, ಅದನ್ನೇ ಮಕ್ಕಳ ಯೋಗ್ಯತೆಯ ಲೆಕ್ಕವೆಂದು ತಿಳಿಯಿತು. ಇತಿಹಾಸದ ಹುಡುಗಿ ಗಣಿತದಲ್ಲಿ ಹೆಣಗುವುದು, ಮೋಟಾರು ಬಿಚ್ಚಿ ಜೋಡಿಸಬಲ್ಲ ಹುಡುಗ ದಡ್ಡನೆನಿಸಿಕೊಳ್ಳುವುದು ಈ ತಪ್ಪು ಲೆಕ್ಕದಿಂದ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ-ವಿಜ್ಞಾನ, ಓದು-ಕಸುಬುಗಳ ನಡುವಣ ಗೋಡೆ ಒಡೆಯಬೇಕೆಂದು ಮತ್ತೊಮ್ಮೆ ಹೇಳಿದೆ. ಹಂಟರ್ ಕಾಲದಿಂದ ಕೇಳಿಬಂದ ಮಾತೇ ಇದು. ನೀತಿ ಕೈಗೂಡುವವರೆಗೆ ಕಾಯುವಷ್ಟು ಸಮಯ ಈ ವರ್ಷ ಹತ್ತನೆಯ ತರಗತಿ ಮುಗಿಸಿದ ಮಗುವಿಗಿಲ್ಲ. ಅದರ ಜೊತೆ ಕುಳಿತು ಅರ್ಜಿ ತುಂಬುವ ತಂದೆತಾಯಿ, ಮೇಷ್ಟರುಗಳು ಯಾವ ಕೋರ್ಸು ದೊಡ್ಡದು ಎಂಬ ಪ್ರಶ್ನೆಯನ್ನು ಬದಿಗಿಡುವುದು ಒಳ್ಳೆಯದು. ಮಗುವಿಗೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ, ಈ ಕೋರ್ಸಿನ ಕೊನೆಯಲ್ಲಿ ಯಾವ ಕೆಲಸವಿದೆ, ಎರಡು ವರ್ಷದ ಮೇಲೆ ಮನಸ್ಸು ಬದಲಾದರೆ ಎಲ್ಲಿಗೆ ಹೊರಳಬಹುದು ಎಂಬ ಮೂರನ್ನು ವಿಚಾರಿಸಿದರೆ, ಮುದಲಿಯಾರ್ ಆಯೋಗ ಬಯಸಿದ ಮಾರ್ಗದರ್ಶಕನ ಕೆಲಸ ಮನೆಯ ಜಗಲಿಯಲ್ಲಿಯಾದರೂ ಸ್ವಲ್ಪಮಟ್ಟಿಗೆ ನಡೆದಂತಾಗುತ್ತದೆ.