ನರಿಯನ್ನು ಕರೆಯುವ ವಿದ್ಯೆ

ಅಹಮದಾಬಾದಿನ ಹೊರವಲಯದಲ್ಲಿ, ಥೋಳ್ ಕೆರೆಯ ಕಡೆಗೋ ನಳಸರೋವರದ ದಾರಿಯಲ್ಲೋ ಚಳಿಗಾಲದ ಒಂದು ಇರುಳು ತಂಗಿದವರಿಗೆ ಆ ಕೂಗು ಕೇಳಿರಬಹುದು. ಮೊದಲು ಒಂದೇ ಕಂಠ, ನೀಳವಾಗಿ ಮೇಲೇರುತ್ತದೆ. ಅದು ಮುಗಿಯುವ ಮೊದಲೇ ಇನ್ನೊಂದು ಸೇರುತ್ತದೆ, ಮತ್ತೆರಡು ಸೇರುತ್ತವೆ, ಕೊನೆಗೆ ಕಿರುಚಾಟದಂತಾಗಿ ಥಟ್ಟನೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೊಲದಾಚೆಯ ಮತ್ತೊಂದು ದಿಕ್ಕಿನಿಂದ ಅದೇ ಮೇಳ ಕೇಳಿಬರುತ್ತದೆ. ನೆರೆಯ ಗುಜರಾತಿ ಗೆಳೆಯರು ‘ಶಿಯಾಳ್ ಲಾಳಿ ಕರೇ ಛೇ’ ಎನ್ನುತ್ತಾರೆ. ನಾವು ‘ನರಿ ಊಳಿಡುತ್ತಿದೆ’ ಎನ್ನುತ್ತೇವೆ. ಊರಿನಲ್ಲಿದ್ದಾಗ ಬೆಳಗ್ಗೆ ಎಲ್ಲವೂ ಸುಸೂತ್ರವಾಗಿ ನಡೆದರೆ ‘ಇವತ್ತು ನರಿ ಮುಖ ನೋಡಿ ಎದ್ದಿರಬೇಕು’ ಎನ್ನುತ್ತಿದ್ದ ಹಿರಿಯರು ನೆನಪಾಗುತ್ತಾರೆ. ನರಿಯ ಮುಖ ನೋಡುವುದು ಅಷ್ಟು ಅಪರೂಪ. ಅದರ ಇರವು ನಮಗೆ ತಿಳಿಯುವುದು ಕಣ್ಣಿನಿಂದಲ್ಲ, ಕಿವಿಯಿಂದ.

ಆ ಕೂಗನ್ನು ಮನುಷ್ಯನ ಗಂಟಲಿನಿಂದ ಹೊರಡಿಸಿ, ಕತ್ತಲೆಯಲ್ಲಿ ಎಲ್ಲಿದೆಯೆಂದು ತಿಳಿಯದ ನರಿಯಿಂದ ಓಗೊಡಿಸಿ, ಅದನ್ನು ಕಾಲ ಬುಡದವರೆಗೆ ಕರೆತರುವ ಒಂದು ವಿದ್ಯೆ ನಮ್ಮ ದೇಶದಲ್ಲಿತ್ತು. ಅದನ್ನು ಬಲ್ಲವರ ನುಡಿ ಗುಜರಾತಿಗೆ ಹತ್ತಿರದ್ದು. ಅವರು ಬಾಳಿದ್ದು ಕನ್ನಡ ಮತ್ತು ತಮಿಳು ನಾಡುಗಳಲ್ಲಿ. ನಾವು ನಡೆದು ಬಂದ ದಾರಿಯಲ್ಲೇ ಅವರು ಎದುರು ದಿಕ್ಕಿಗೆ ನಡೆದವರು. ಅವರ ಚರಿತ್ರೆಯನ್ನು ಗುಜರಾತಿನಲ್ಲಿ ಕುಳಿತು ಓದುವಾಗ ಅದು ನಮಗೆ ಬೇರೆಯೇ ಆಗಿ ಕಾಣುತ್ತದೆ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳೋಣ. ಮಕ್ಕಳ ಪುಸ್ತಕಗಳು ದ್ರಾಕ್ಷಿ ಹುಳಿಯೆಂದ ಪ್ರಾಣಿಯನ್ನೂ ನರಿ ಎಂದೇ ಕರೆಯುತ್ತವೆ. ಆದರೆ ಗುಜರಾತಿನಲ್ಲಿ ಆ ಸಣ್ಣ ಪ್ರಾಣಿ ‘ಲೋಂಕಡಿ’, ಗುಂಪಾಗಿ ಊಳಿಡುವುದು ‘ಶಿಯಾಳ್’. ನಾವಿಲ್ಲಿ ಹೇಳುತ್ತಿರುವುದು ಈ ಎರಡನೆಯದನ್ನು. ಅಮರಕೋಶ ಇದಕ್ಕೆ ಶೃಗಾಲ, ಜಂಬುಕ, ಗೋಮಾಯು, ಫೇರು, ಕ್ರೋಷ್ಟು ಮುಂತಾದ ಹೆಸರುಗಳನ್ನು ಕೊಡುತ್ತದೆ. ಕ್ರೋಷ್ಟು ಎಂದರೆ ಕೂಗುವವನು ಎಂದೇ ಅರ್ಥ. ಫೇರು ಎಂಬುದು ಆ ಕೂಗಿನ ಅನುಕರಣದಂತೆಯೇ ಕೇಳುತ್ತದೆ. ಹಿಂದಿನವರು ಈ ಪ್ರಾಣಿಯನ್ನು ಗುರುತಿಸಿದ್ದು ದನಿಯಿಂದ ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ನರಿ ಏಕೆ ಕೂಗುತ್ತದೆ? ಗಂಡು ಹೆಣ್ಣು ಜೊತೆಯಾಗಿ ಬಹುಕಾಲ ಬಾಳುವ ಪ್ರಾಣಿ ಇದು. ಜೋಡಿಗೆ ತನ್ನದೇ ಆದ ನೆಲವಿರುತ್ತದೆ. ಹಿಂದಿನ ಸೂಲಿನ ಮರಿಗಳು ಕೆಲವೊಮ್ಮೆ ಜೊತೆಗೇ ಉಳಿದು ಮುಂದಿನ ಮರಿಗಳನ್ನು ಸಾಕಲು ನೆರವಾಗುತ್ತವೆ. ಮುಸ್ಸಂಜೆಯಲ್ಲೂ ಬೆಳಗಿನ ಜಾವಕ್ಕೆ ಮುಂಚೆಯೂ ಈ ಕುಟುಂಬ ಒಟ್ಟಾಗಿ ಕೂಗಿ, ಈ ನೆಲದಲ್ಲಿ ನಾವಿದ್ದೇವೆ ಎಂದು ಸಾರುತ್ತದೆ. ನೆರೆಯ ಕುಟುಂಬ ಅದನ್ನು ಕೇಳಿ ತನ್ನ ನೆಲದಿಂದ ಉತ್ತರಿಸುತ್ತದೆ. ಒಂಟಿಯಾಗಿ ಅಲೆಯುವ, ನೆಲವಿಲ್ಲದ ನರಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಓಗೊಡುವುದು ಮನೆಯುಳ್ಳವರ ಲಕ್ಷಣ.

ಈ ಸ್ವಭಾವವನ್ನು ಪಂಚತಂತ್ರ ಚೆನ್ನಾಗಿ ಬಲ್ಲದು. ಬಣ್ಣದ ಬಾನಿಗೆ ಬಿದ್ದು ನೀಲಿಯಾದ ನರಿ ಕಾಡಿಗೆ ರಾಜನಾಗುತ್ತದೆ. ಹುಲಿ ಸಿಂಹಗಳು ಅದಕ್ಕೆ ತಲೆಬಾಗುತ್ತವೆ. ಒಂದು ಇರುಳು ದೂರದಲ್ಲಿ ನರಿಗಳು ಊಳಿಟ್ಟಾಗ ಇದೂ ತಡೆಯಲಾರದೆ ದನಿಗೂಡಿಸುತ್ತದೆ. ಗುಟ್ಟು ರಟ್ಟಾಗಿ ಪ್ರಾಣ ಕಳೆದುಕೊಳ್ಳುತ್ತದೆ. ಅಹಮದಾಬಾದಿನ ಪಕ್ಕದ ಸರ್ಖೇಜಿಗೆ ಹೋದಾಗಲೆಲ್ಲ ನಮಗೆ ಈ ಕತೆ ನೆನಪಾಗುತ್ತದೆ. ಮೊಗಲರ ಕಾಲದಲ್ಲಿ ಸರ್ಖೇಜಿನ ನೀಲಿ ಹೆಸರಾಗಿತ್ತು. ಸೂರತ್ ಬಂದರಿನಿಂದ ಅದು ಕಡಲಾಚೆಗೆ ಹೋಗುತ್ತಿತ್ತು. ನೀಲಿಯ ಬಾನಿ ಊರಂಚಿನಲ್ಲಿರುತ್ತಿತ್ತು, ನರಿ ಓಡಾಡುವುದೂ ಊರಂಚಿನಲ್ಲೇ. ಕತೆಗಾರ ನೋಡಿದ್ದನ್ನೇ ಹೇಳಿದ್ದಾನೆ. ಈ ಕತೆಯನ್ನು ನಾವು ಸಾಮಾನ್ಯವಾಗಿ ಹುಟ್ಟುಗುಣದ ನೀತಿಯಾಗಿ ಓದುತ್ತೇವೆ. ಬೇಟೆಗಾರ ಓದಿದರೆ ಅದು ನೇರವಾದ ಪಾಠ: ಕರೆ ಸರಿಯಾಗಿದ್ದರೆ, ಅಡಗಿ ಕುಳಿತ ನರಿಯೂ ಓಗೊಡದೆ ಇರಲಾರದು.

ಕರೆಯುವವನ ಕೆಲಸ ಎರಡು ಹಂತದ್ದು. ಮೊದಲನೆಯದು ನೆಲೆ ಹುಡುಕುವುದು. ಗಾಳಿ ಇಲ್ಲದ ಇರುಳಿನಲ್ಲಿ ಒಮ್ಮೆ ಊಳಿಟ್ಟು ಕಾಯಬೇಕು. ಉತ್ತರ ಬಂದ ದಿಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಬೇರೊಂದು ಜಾಗದಿಂದ ಮತ್ತೆ ಕೂಗಿದರೆ, ಎರಡು ದಿಕ್ಕುಗಳು ಕೂಡುವಲ್ಲಿ ನರಿಯಿರುತ್ತದೆ. ಎರಡನೆಯದು ಹತ್ತಿರಕ್ಕೆ ಬರಿಸುವುದು. ಇದಕ್ಕೆ ಪರಕೀಯ ನರಿಯ ಕೂಗು, ತಿನಿಸಿಗಾಗಿ ಕಚ್ಚಾಡುವ ಸದ್ದು, ಸಿಕ್ಕಿಬಿದ್ದ ಮೊಲದ ಚೀರಾಟ ಇವೆಲ್ಲ ಒದಗುತ್ತವೆ. ನರಿ ನೇರವಾಗಿ ಬರುವುದು ಕಡಿಮೆ. ಸುತ್ತುಹಾಕಿ, ಗಾಳಿ ತನ್ನತ್ತ ಬೀಸುವ ಕಡೆಯಿಂದ ಮೂಗಿಗೆ ಸಾಕ್ಷಿ ಕೇಳುತ್ತಾ ಬರುತ್ತದೆ. ಅದಕ್ಕೇ ಬಲೆಯನ್ನು ಆ ಕಡೆಗೆ ಹಾಸುವುದು. ಮಲೆನಾಡಿನಲ್ಲಿ ಮರಸು ಕೂತವರಿಗೆ ಈ ಗಾಳಿಯ ಲೆಕ್ಕವನ್ನು ಹೇಳಿಕೊಡಬೇಕಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮೋಸಹೋದ ನರಿ ಬಾಯಿ ಬಿಡುವುದಿಲ್ಲ. ಹಾಗಾಗಿ ಕರೆಯುವವನು ಊರಿಂದೂರಿಗೆ ತಿರುಗಲೇಬೇಕು. ಅಲೆಮಾರಿ ಬದುಕಿಗೂ ಈ ವಿದ್ಯೆಗೂ ಇರುವ ನಂಟು ಇಲ್ಲಿದೆ.

ಬೇಟೆಯ ವಿಷಯದಲ್ಲಿ ನಮ್ಮಲ್ಲಿ ಗ್ರಂಥಗಳ ಕೊರತೆಯಿಲ್ಲ. ಅವುಗಳಲ್ಲಿ ಮುಖ್ಯವಾದ ಒಂದನ್ನು ಓದಲು ವಡೋದರೆಗೆ ಹೋಗಬೇಕು. ಈ ಊರಿನ ಹಳೆಯ ಹೆಸರು ವಡಪದ್ರಕವೆಂಬುದು ನಮಗೆ ತಿಳಿದಿರುವುದು ಕ್ರಿ.ಶ. 812ರ ತಾಮ್ರಶಾಸನದಿಂದ, ಅದನ್ನು ಹೊರಡಿಸಿದವನು ಲಾಟದೇಶವನ್ನಾಳಿದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷ. ಸಾವಿರ ವರ್ಷಗಳ ಮೇಲೆ ಅದೇ ಊರು ಕನ್ನಡನಾಡಿನ ಋಣವನ್ನು ತೀರಿಸಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ ಜಿ. ಕೆ. ಶ್ರೀಗೋಂದೇಕರರ ಸಂಪಾದಕತ್ವದಲ್ಲಿ ಪ್ರಕಟಿಸಿತು. ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಹೊರಬಂತು. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಮಹಾಗ್ರಂಥದಲ್ಲಿ ಬೇಟೆಯೂ ಒಂದು. ಚೀತಾವನ್ನು ಪಳಗಿಸಿ ಬೇಟೆಗೆ ಬಿಡುವ ಪದ್ಧತಿಯ ಅತಿ ಹಳೆಯ ಬರಹದ ದಾಖಲೆಗಳಲ್ಲಿ ಅದನ್ನೂ ಎಣಿಸುತ್ತಾರೆ. ಗಾಯಕವಾಡರ ಆಸ್ಥಾನವೂ ಚೀತಾ ಬೇಟೆಗೆ ಹೆಸರಾಗಿತ್ತಾದ್ದರಿಂದ ಪುಸ್ತಕ ತಕ್ಕ ಊರಿನಲ್ಲೇ ಅಚ್ಚಾಯಿತು ಎನ್ನಬೇಕು. ಸಾಕಿದ ಮೃಗವನ್ನು ಮುಂದಿಟ್ಟು ಕಾಡಿನ ಮೃಗವನ್ನು ಸೆಳೆಯುವ ಉಪಾಯಕ್ಕೆ ಹಳಗನ್ನಡದಲ್ಲೇ ‘ದೀವ’ ಎಂಬ ಮಾತಿದೆ. ಪಂಪನ ಕಾಲದಿಂದ ನಮ್ಮ ಕವಿಗಳು ಬೇಟೆಯನ್ನು ಮನದಣಿಯೆ ವರ್ಣಿಸಿದ್ದಾರೆ.

ಆದರೆ ಸೋಮೇಶ್ವರನ ಗ್ರಂಥದಲ್ಲಿ ಬೇಟೆ ಬರುವುದು ವಿನೋದಗಳ ಸಾಲಿನಲ್ಲಿ. ಸಂಗೀತ, ನೃತ್ಯ, ಮಲ್ಲಯುದ್ಧಗಳಂತೆ ಅದೂ ಅರಸನ ಮನರಂಜನೆ. ಹೊಟ್ಟೆಗಾಗಿ ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ನರಿಯ ದನಿ ತೆಗೆದವನಿಗೆ ಅದು ವಿನೋದವಾಗಿರಲಿಲ್ಲ. ಅವನಿಗೆ ಗ್ರಂಥವೂ ಇರಲಿಲ್ಲ.

ಅವನು ಯಾರೆಂದು ತಿಳಿಯಲು ದಕ್ಷಿಣಕ್ಕೆ ಬರಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿ ಕುರುವಿಕ್ಕಾರರೆಂಬ ಅಲೆಮಾರಿಗಳ ವಿವರವಿದೆ. ನರಿ ಹಿಡಿಯುವುದರಲ್ಲಿ ಅವರು ಹೆಸರಾದವರು. ತಮಿಳರು ಅವರನ್ನು ನರಿಕ್ಕುರವರೆಂದು ಕರೆದದ್ದೂ ಅದಕ್ಕೇ. ತಮಿಳುನಾಡಿನ ನಡುವೆ ಬಾಳಿದರೂ ಮನೆಯೊಳಗೆ ಅವರು ಆಡುವ ‘ವಾಗ್ರಿ ಬೋಲಿ’ ದ್ರಾವಿಡ ನುಡಿಯಲ್ಲ, ಗುಜರಾತಿಗೆ ಹತ್ತಿರದ ಆರ್ಯನುಡಿ. ಜಿ. ಶ್ರೀನಿವಾಸ ವರ್ಮ ಅದರ ವ್ಯಾಕರಣವನ್ನು ಬರೆದರು. ಅಣ್ಣಾಮಲೈ ವಿಶ್ವವಿದ್ಯಾಲಯ 1970ರಲ್ಲಿ ಅದನ್ನು ಪ್ರಕಟಿಸಿತು. ಕನ್ನಡನಾಡಿನಲ್ಲಿ ಅದೇ ನುಡಿಯ ಬಳಗದವರು ಹಕ್ಕಿಪಿಕ್ಕಿಗಳು. ಅವರ ಒಳಪಂಗಡಗಳ ಹೆಸರುಗಳಲ್ಲಿ ಗುಜರಾತಿಯಾ, ಮೇವಾರ ಎಂಬವು ಇಂದಿಗೂ ಉಳಿದಿವೆ. ಹೊರಟ ಊರನ್ನು ಅವರು ಕುಲದ ಹೆಸರಿನಲ್ಲಿ ಕಟ್ಟಿಕೊಂಡು ಬಂದಿದ್ದಾರೆ.

ವಾಗ್ರಿ ಎಂಬ ಮಾತಿನ ಮೂಲವನ್ನು ಪಂಡಿತರು ಸಂಸ್ಕೃತದ ‘ವಾಗುರಾ’ದಲ್ಲಿ ಕಾಣುತ್ತಾರೆ. ವಾಗುರಾ ಎಂದರೆ ಬೇಟೆಯ ಬಲೆ, ವಾಗುರಿಕ ಎಂದರೆ ಬಲೆಗಾರ. ಗುಜರಾತಿನಲ್ಲಿ ಇದೇ ಹೆಸರು ಹೊತ್ತ ಸಮುದಾಯವೊಂದಿದೆ. ಇಲ್ಲಿ ಆ ಮಾತು ಬೈಗುಳವಾಗಿ ಬಳಕೆಯಾದುದರಿಂದ ಅವರು ತಮ್ಮನ್ನು ದೇವೀಪೂಜಕರೆಂದು ಕರೆದುಕೊಳ್ಳುತ್ತಾರೆ. ನಾವೂ ಹಾಗೆಯೇ ಕರೆಯತಕ್ಕದ್ದು. ಸ್ಟೀಲ್ ಪಾತ್ರೆ ಕೊಟ್ಟು ಹಳೆಯ ಬಟ್ಟೆ ಕೊಳ್ಳಲು ನಮ್ಮ ಮನೆ ಬಾಗಿಲಿಗೆ ಬರುವ ಹೆಂಗಸರಲ್ಲಿ ಅನೇಕರು ಈ ಸಮುದಾಯದವರು. ಬಾಗಿಲಲ್ಲಿ ನಿಂತು ಒಂದು ಬಾಣಲೆಗೆ ಮೂರು ಸೀರೆಯೋ ನಾಲ್ಕೋ ಎಂದು ಚೌಕಾಶಿ ಮಾಡುವಾಗ, ಈ ತಾಯಿಯ ನುಡಿಯ ನಂಟರು ನಮ್ಮ ಹುಣಸೂರಿನಲ್ಲೂ ಬೇಲೂರಿನಲ್ಲೂ ಇದ್ದಾರೆಂಬುದು ನಮಗೆ ಹೊಳೆಯುವುದೇ ಇಲ್ಲ.

ಈ ಜನರಿಂದ ವಿದ್ಯೆ ಕೈಬಿಟ್ಟುಹೋದ ಬಗೆಯನ್ನೂ ಹೇಳಬೇಕು. ಬ್ರಿಟಿಷ್ ಸರಕಾರದ 1871ರ ಕಾಯ್ದೆ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ತಿರುಗದಿದ್ದರೆ ಬದುಕಿಲ್ಲದವರಿಗೆ ತಿರುಗುವುದೇ ತಪ್ಪಾಯಿತು. ಆ ಕಳಂಕವನ್ನು ಕಾಯ್ದೆ ತೊಡೆದದ್ದು 1952ರಲ್ಲಿ. ಜನರ ಮನಸ್ಸಿನಿಂದ ಅದಿನ್ನೂ ಪೂರ್ತಿ ತೊಡೆದಿಲ್ಲ. ಅನಂತರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನರಿ ಹಿಡಿಯುವುದು ಈಗ ಅಪರಾಧ, ಅದು ಸರಿಯೇ. ನರಿಯ ತಲೆಯಲ್ಲಿ ಕೊಂಬು ಬೆಳೆಯುತ್ತದೆ, ಅದು ಮನೆಗೆ ಅದೃಷ್ಟ ತರುತ್ತದೆ ಎಂಬ ನಂಬಿಕೆಗೆ ಬಲಿಯಾದ ನರಿಗಳೆಷ್ಟೋ. ಅದನ್ನು ಮಾರುವವನು ಬಡವ, ಕೊಳ್ಳುವವರು ಅನುಕೂಲಸ್ಥರು. ಕಾಯ್ದೆ ಬಿಗಿಯಾದಾಗ ಸಿಕ್ಕಿಬಿದ್ದವನು ಬಡವ. ಬೇಟೆ ನಿಂತ ಮೇಲೆ ಹಕ್ಕಿಪಿಕ್ಕಿಗಳಿಗೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಮುಂತಾದೆಡೆ ನೆಲೆಯಾಯಿತು. ಪ್ಲಾಸ್ಟಿಕ್ ಹೂವು, ತಲೆಗೂದಲ ಎಣ್ಣೆ ಮಾರುತ್ತ ಅವರು ಆಫ್ರಿಕದವರೆಗೆ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ ಭಾರತೀಯರಲ್ಲಿ ಇವರೂ ಇದ್ದರು. ‘ಆಪರೇಷನ್ ಕಾವೇರಿ’ ಅವರನ್ನು ಮರಳಿ ಕರೆತಂದಿತು.

ವಿಚಿತ್ರವೆಂದರೆ, ಇವರು ಕೈಬಿಟ್ಟ ವಿದ್ಯೆಯನ್ನು ಇಂದು ವಿಜ್ಞಾನಿಗಳು ಎತ್ತಿಕೊಂಡಿದ್ದಾರೆ. ಗ್ರೀಸ್, ಹಂಗೇರಿ ಮುಂತಾದ ದೇಶಗಳಲ್ಲಿ ಇದೇ ಜಾತಿಯ ನರಿಗಳನ್ನು ಎಣಿಸುವವರು ರಾತ್ರಿ ಧ್ವನಿವರ್ಧಕದಲ್ಲಿ ಮುದ್ರಿತ ಊಳನ್ನು ಕೇಳಿಸಿ, ಕೆಲವು ನಿಮಿಷ ಕಾದು, ಉತ್ತರ ಬಂದ ದಿಕ್ಕನ್ನು ಬರೆದುಕೊಳ್ಳುತ್ತಾರೆ. ಒಂದೇ ಕಡೆ ಹೆಚ್ಚು ಸಲ ಕೇಳಿಸಿದರೆ ನರಿ ಸುಮ್ಮನಾಗುತ್ತದೆಂಬ ಎಚ್ಚರಿಕೆ ಅವರ ವಿಧಾನದಲ್ಲೂ ಇದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳು ಇರುಳು ಕೇಳುವ ಕಯೋಟಿ ಈ ನರಿಯ ದೂರದ ದಾಯಾದಿ. ಅಲ್ಲಿನ ಬೇಟೆಗಾರರು ಅದನ್ನೂ ಹೀಗೆಯೇ ಕೂಗಿ ಕರೆಯುತ್ತಾರೆ, ಅದಕ್ಕಾಗಿ ಯಂತ್ರಗಳು ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ದೇಶದಲ್ಲಿ ಮಾತ್ರ, ಯಂತ್ರವಿಲ್ಲದೆ ಬರಿಯ ಗಂಟಲಿನಿಂದ ಇದನ್ನು ಸಾಧಿಸಿದವರನ್ನು ಗುರುವೆಂದು ಕರೆದು ಕೂರಿಸಿ ಕೇಳಿದ್ದು ಬಲು ಕಡಿಮೆ.

‘ನರಿ ಕೂಗು ಗಿರಿಗೆ ಮುಟ್ಟೀತೇ’ ಎಂಬ ಗಾದೆ ನಮ್ಮಲ್ಲಿದೆ. ಸಣ್ಣವರ ಮಾತು ದೊಡ್ಡವರಿಗೆ ಕೇಳಿಸದೆಂಬ ಸತ್ಯವನ್ನು ಅದು ದೊಡ್ಡವರ ಪಕ್ಷ ವಹಿಸಿ ಹೇಳುತ್ತದೆ. ಬಲೆಗಾರನ ಪಾಲಿಗೆ ಆದದ್ದೂ ಅದೇ. ನರಿಯನ್ನು ಕೊಲ್ಲುವುದು ನಿಂತದ್ದಕ್ಕೆ ನಮಗೆ ಸಂತೋಷವಿದೆ. ಆದರೆ ಕೊಲ್ಲುವುದು ನಿಂತಾಗ ಅದರ ಜೊತೆಗಿದ್ದ ತಿಳಿವಳಿಕೆಯೂ ನಿಲ್ಲಬೇಕಾಗಿರಲಿಲ್ಲ. ಯಾವ ತಿಂಗಳಲ್ಲಿ ನರಿ ಹೆಚ್ಚು ಕೂಗುತ್ತದೆ, ಮರಿಯಿದ್ದಾಗ ದನಿ ಹೇಗೆ ಬದಲಾಗುತ್ತದೆ, ಹೆಣ್ಣಿನ ಕೂಗು ಯಾವುದು, ಇವಕ್ಕೆಲ್ಲ ವಾಗ್ರಿಯಲ್ಲಿ ಇರುವ ಮಾತುಗಳು ಯಾವುವು? ಇವನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ, ನುಡಿಯೂ ಅಳಿವಿನಂಚಿನಲ್ಲಿದೆ.

ಪಕ್ಷಿರಾಜಪುರದ ಮಗು ಮನೆಯಲ್ಲಿ ಗುಜರಾತಿಯ ಒಡಹುಟ್ಟಿದ ನುಡಿಯನ್ನಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ವಡೋದರೆಯಲ್ಲೋ ಸೂರತ್ತಿನಲ್ಲೋ ಬೆಳೆಯುವ ನಮ್ಮ ಮಗು ಮನೆಯಲ್ಲಿ ಕನ್ನಡವನ್ನಾಡಿ ಬೀದಿಯಲ್ಲಿ ಗುಜರಾತಿ ಕಲಿಯುತ್ತದೆ. ಎರಡನ್ನೂ ಬಲ್ಲ ನಮಗಿಂತ ಆ ಮಗುವಿನ ಅಜ್ಜನ ಮಾತನ್ನು ಬರೆದಿಡಲು ಅನುಕೂಲವುಳ್ಳವರು ಯಾರು? ರಜೆಗೆ ಊರಿಗೆ ಹೋಗುವ ನಮ್ಮ ಬಳಗದವರಲ್ಲಿ ಹುಣಸೂರು, ಬೇಲೂರು ಕಡೆಯವರಿದ್ದಾರೆ. ಒಂದು ಮಧ್ಯಾಹ್ನ ಅಲ್ಲಿ ಕುಳಿತು, ಅವರ ಒಪ್ಪಿಗೆ ಪಡೆದು, ನರಿಯನ್ನು ಕರೆಯುತ್ತಿದ್ದ ಹಿರಿಯರಿಂದ ಹತ್ತು ಮಾತು ಕೇಳಿ ಬರೆದು ತಂದರೆ, ಅವನ್ನು ಗುಜರಾತಿಯ ಮಾತುಗಳ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ನಾವಿಲ್ಲಿ ಮಾಡಬಹುದು.